ಎಂಟಿವಿಗೆ ಬಂದ ವ್ಯಾಸರಾಯರು

1996ರಲ್ಲಿ ಮ್ಯಾಗ್ನಾಸೌಂಡ್ ಕಂಪನಿ ಹೊರತಂದ ಒಂದು ಪಾಪ್ ಆಲ್ಬಂ ದೇಶದ ಊರೂರಿನ ಕ್ಯಾಸೆಟ್ ಅಂಗಡಿಗಳನ್ನು ತಲುಪಿತು. ಹೆಸರು ‘ಕಲೋನಿಯಲ್ ಕಸಿನ್ಸ್’. ಹಾಡಿದ ಜೋಡಿಯೂ ಅದೇ ಹೆಸರನ್ನಿಟ್ಟುಕೊಂಡಿತ್ತು. ಒಬ್ಬರು ಗಜಲ್‌ಗೆ ಹೆಸರಾಗಿದ್ದ ಹರಿಹರನ್. ಇನ್ನೊಬ್ಬರು ಜಾಹೀರಾತುಗಳಿಗೆ ಸಂಗೀತ ಮಾಡಿಕೊಂಡಿದ್ದ ಗಿಟಾರ್ ವಾದಕ ಲೆಸ್ಲಿ ಲೂಯಿಸ್. ಈ ಆಲ್ಬಂನಿಂದಾಗಿ ಇವರಿಬ್ಬರೂ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಹಾಡಿದ ಮೊದಲ ಭಾರತೀಯರಾದರು. ಆ ಚಾನೆಲ್ಲಿನ ವೀಕ್ಷಕರ ಆಯ್ಕೆಯ ಪ್ರಶಸ್ತಿಯೂ ಅವರಿಗೆ ಬಂತು.

ಆಲ್ಬಂನಲ್ಲಿ ಎಲ್ಲರ ಬಾಯಿಗೆ ಹತ್ತಿದ ಹಾಡಿನ ಹೆಸರು ‘ಕೃಷ್ಣ’. ಲೆಸ್ಲಿ ಇಂಗ್ಲಿಷಿನಲ್ಲಿ ಲೋಕದ ಕತ್ತಲೆಯನ್ನು, ಅಣ್ಣತಮ್ಮಂದಿರ ಜಗಳವನ್ನು ಹಾಡುತ್ತಾ ಹೋಗುತ್ತಾರೆ. ಅದರ ನಡುವಿನಿಂದ ಹರಿಹರನ್ ದನಿ ಏಳುತ್ತದೆ. ಅವರು ಹಾಡುವುದು ಕನ್ನಡ, ಅದೂ ಐನೂರು ವರ್ಷ ಹಿಂದಿನ ಕನ್ನಡ. ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ವ್ಯಾಸರಾಯರ ದೇವರನಾಮದ ಪಲ್ಲವಿ ಅದು.

ಆ ಕಾಲದ ಸಂಗೀತ ಚಾನೆಲ್‌ಗಳನ್ನು ನೋಡಿದವರಿಗೆ ನೆನಪಿರಬಹುದು, ಹಾಡು ಶುರುವಾದಾಗ ಪರದೆಯ ಕೆಳಮೂಲೆಯಲ್ಲಿ ನಾಲ್ಕು ಸಾಲು ಮೂಡುತ್ತಿದ್ದವು: ಹಾಡಿದವರ ಹೆಸರು, ಹಾಡಿನ ಹೆಸರು, ಆಲ್ಬಂ, ಕಂಪನಿ. ಬರೆದವರ ಹೆಸರಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಹಾಗಾಗಿ ಕೋಟಿಗಟ್ಟಲೆ ಜನ ಗುನುಗಿದ ಆ ಸಾಲು ಯಾರದ್ದು, ಯಾವ ಭಾಷೆಯದ್ದು ಎಂಬ ಪ್ರಶ್ನೆ ಬಹುಪಾಲು ಮನೆಗಳಲ್ಲಿ ಏಳಲೇ ಇಲ್ಲ. ಎದ್ದ ಕಡೆ ಉತ್ತರ ತಪ್ಪಾಗಿರುತ್ತಿತ್ತು.

ನಾನಿರುವುದು ಡೊಂಬಿವಲಿಯಲ್ಲಿ. ಆಗ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಕಟ್ಟಡದ ತಮಿಳು ಮಾಮಿ ಅದು ತಮಿಳೆಂದೇ ಹೇಳುತ್ತಿದ್ದರು, ಮರಾಠಿ ಗೆಳೆಯರು ಸಂಸ್ಕೃತವೆಂದು ತೀರ್ಮಾನಿಸಿದ್ದರು. ಮಾಮಿಯ ಮಾತಿಗೂ ಒಂದು ಆಧಾರವಿತ್ತು. ತಮಿಳು ಲಿಪಿಯಲ್ಲಿ ಪಕಾರ ಬಕಾರಗಳಿಗೆ ಒಂದೇ ಅಕ್ಷರ. ‘ಬಾರೋ’ ಎಂದು ಬರೆದದ್ದನ್ನು ‘ಪಾರೋ’ ಎಂದೂ ಓದಬಹುದು. ತಮಿಳಿನಲ್ಲಿ ‘ಪಾರ್’ ಎಂದರೆ ನೋಡು. ‘ನೀ’ ಎರಡೂ ಭಾಷೆಗೆ ಒಂದೇ. ‘ಬೇಗನೆ’ ಅವರ ‘ವೇಗಮಾ’ಕ್ಕೆ ಹತ್ತಿರ. ಕೃಷ್ಣ ಹೇಗೂ ಎಲ್ಲರವನು. ಇನ್ನು ಕೊಂಕಣಿಯವರಿಗೆ ‘ಬೆಗಿನ’ ಎಂದರೆ ಬೇಗ. ಒಂದೇ ಕಟ್ಟಡದ ನಾಲ್ಕು ಮಹಡಿಗಳಲ್ಲಿ ನಾಲ್ಕು ಭಾಷೆಯವರು ಆ ಸಾಲಿನಲ್ಲಿ ತಮ್ಮ ತಮ್ಮ ಪಾಲು ಹುಡುಕಿಕೊಳ್ಳುವುದು ಅಷ್ಟೇನೂ ಕಷ್ಟವಿರಲಿಲ್ಲ.

ಹಾಡು ಆ ಆಲ್ಬಂ ಸೇರಿದ ದಾರಿ ಬಹಳ ಸುತ್ತಿನದು. ಹಂಪಿಯಿಂದ ಮುಂಬಯಿಗೆ ನೇರವಾಗಿ ಬಂದಿದ್ದರೆ ಇದು ಎಲ್ಲರಿಗೂ ಕನ್ನಡದ್ದಾಗಿಯೇ ಕೇಳಿಸುತ್ತಿತ್ತೇನೋ.

ವ್ಯಾಸರಾಯರು ಹುಟ್ಟಿದ್ದು ಮೈಸೂರಿನ ಬಳಿಯ ಬನ್ನೂರಿನಲ್ಲಿ, ಓದಿದ್ದು ಮುಳಬಾಗಿಲಿನ ಶ್ರೀಪಾದರಾಜರ ಬಳಿ. ವಿಜಯನಗರದ ಅರಸರಿಗೆ ಗುರುಗಳಾಗಿ ಹಂಪಿಯಲ್ಲಿ ನೆಲೆಸಿದರು. 1539ರಲ್ಲಿ ತೀರಿಕೊಂಡ ಅವರ ವೃಂದಾವನ ಆನೆಗುಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’, ‘ತರ್ಕತಾಂಡವ’ ಅವರ ಸಂಸ್ಕೃತ ಗ್ರಂಥಗಳು. ದ್ವೈತದ ಪರವಾಗಿ ಅದ್ವೈತಿಗಳ, ನೈಯಾಯಿಕರ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಖಂಡಿಸುವ ಪುಸ್ತಕಗಳಿವು. ಪಂಡಿತರೂ ಬೆವರುತ್ತಾ ಓದುವಂಥವು. ಇದೇ ಕೈ ಕನ್ನಡಕ್ಕೆ ಬಂದಾಗ ತಾಯಿಯೊಬ್ಬಳು ಆಟಕ್ಕೆ ಹೋದ ಮಗನನ್ನು ಕೂಗುವ ಹಾಡನ್ನು ಬರೆಯಿತು. ತರ್ಕದ ಯಾವ ಸುಳಿವೂ ಅದರಲ್ಲಿಲ್ಲ. ಕಾಲಿನ ಅಂದುಗೆ, ಬೆರಳಿನ ಉಂಗುರ, ಕೊರಳಿನ ಮಾಲೆ, ಕಾಶಿಯಿಂದ ಬಂದ ರೇಷ್ಮೆ, ಕೈಯಲ್ಲಿ ಕೊಳಲು, ಮೈಗೆ ಹಚ್ಚಿದ ಗಂಧ, ಹೀಗೆ ಚರಣದಿಂದ ಚರಣಕ್ಕೆ ಮಗುವನ್ನು ಸಿಂಗರಿಸುತ್ತಾ ಹೋಗುತ್ತದೆ. ಕೊನೆಯಲ್ಲಿ ಆ ಮಗು ತಾಯಿಗೆ ಬಾಯಲ್ಲಿ ಮೂರು ಲೋಕ ತೋರಿಸಿದವನೆಂದು ನೆನಪು ಮಾಡಿ, ನಮ್ಮ ಉಡುಪಿಯವನು ಎಂದು ಗುರುತು ಹೇಳಿ ಮುಗಿಯುತ್ತದೆ. ದಾಸರ ಪದಗಳಲ್ಲಿ ಕೊನೆಯಲ್ಲಿ ಬರುವ ಅಂಕಿತವೇ ಬರೆದವರ ಸಹಿ. ವ್ಯಾಸರಾಯರ ಸಹಿ ‘ಶ್ರೀಕೃಷ್ಣ’. ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಹಾಡಿನ ತುದಿಯಲ್ಲೇ ಕಟ್ಟಿಡುವುದು ನಮ್ಮ ಹಳಬರ ಜಾಣತನ. ಪಲ್ಲವಿಯಲ್ಲೇ ನಿಂತುಬಿಟ್ಟರೆ ಮಾತ್ರ ಆ ಗಂಟು ಬಿಚ್ಚುವ ಸಂದರ್ಭವೇ ಬರುವುದಿಲ್ಲ.

1565ರಲ್ಲಿ ವಿಜಯನಗರ ಬಿದ್ದಿತು. ಪಂಡಿತರು, ಹಾಡುಗಾರರು, ನೃತ್ಯದವರು ಆಶ್ರಯ ಹುಡುಕಿಕೊಂಡು ತೆಂಕಲಿಗೆ ನಡೆದರು. ವ್ಯಾಸರಾಯರ ಶಿಷ್ಯರಾದ ವಿಜಯೀಂದ್ರ ತೀರ್ಥರು ಕುಂಭಕೋಣದಲ್ಲಿ ನೆಲೆಯೂರಿದರು. ಮುಂದೆ ರಾಘವೇಂದ್ರ ಸ್ವಾಮಿಗಳೂ ಅಲ್ಲೇ ಮಠ ನಡೆಸಿದರು. ಕಾವೇರಿಯ ಬಯಲಿನಲ್ಲಿ ಹೀಗೆ ಕನ್ನಡದ ದೇವರನಾಮಗಳಿಗೆ ಮನೆ ಸಿಕ್ಕಿತು. ಆಮೇಲೆ ತಂಜಾವೂರನ್ನು ಆಳಿದವರು 1676ರಿಂದ ಮರಾಠಿ ಮಾತಾಡುವ ಭೋಸಲೆ ಮನೆತನದವರು. ತೆಲುಗು ಹಾಡು, ಕನ್ನಡ ಪದ, ಮರಾಠಿ ಕೀರ್ತನೆ, ತಮಿಳು ಕೇಳುಗರು ಒಂದೇ ಆಸ್ಥಾನದಲ್ಲಿ ಸೇರಿದ್ದರು. ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರಿಗೆ ನಮಸ್ಕರಿಸಿರುವುದು ಈ ನೆರೆಹೊರೆಯ ಫಲ.

ವ್ಯಾಸರಾಯರು ಇದನ್ನು ಯಾವ ಮಟ್ಟಿನಲ್ಲಿ ಹಾಡಿದರೋ, ದಾಸರ ಕಾಲದ ಮಟ್ಟುಗಳು ನಮ್ಮವರೆಗೆ ಉಳಿದು ಬಂದಿಲ್ಲ. ಇವತ್ತು ನಾವು ಕೇಳುವ ಯಮುನಾ ಕಲ್ಯಾಣಿ ರಾಗದ ಮಟ್ಟು ನಂತರದವರ ಕೊಡುಗೆ. ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ಲೋಕಕ್ಕೆ ಕಾಣಿಸಿದವರಲ್ಲಿ ದೊಡ್ಡ ಹೆಸರು ಬಾಲಸರಸ್ವತಿಯವರದು (1918–1984). ವೀಣೆ ಧನಮ್ಮಾಳ್ ಅವರ ಮೊಮ್ಮಗಳು. ಮನೆತನದ ಹಿರಿಯರು ತಂಜಾವೂರಿನ ಆಸ್ಥಾನದಲ್ಲಿ ಹಾಡಿ ಕುಣಿದವರು. ಬಾಲಾ ಕುಣಿಯುವಾಗ ಹಾಡುತ್ತಿದ್ದವರು ತಾಯಿ ಜಯಮ್ಮಾಳ್. ದೇವದಾಸಿ ಪದ್ಧತಿಯ ವಿರುದ್ಧ ಮದರಾಸಿನಲ್ಲಿ 1947ರಲ್ಲಿ ಕಾನೂನು ಬಂತು. ಆ ಕುಲದ ಹೆಣ್ಣುಮಕ್ಕಳ ಕಲೆಯನ್ನು ಸಭ್ಯರು ತಮ್ಮದಾಗಿಸಿಕೊಂಡು, ಅವರನ್ನು ಮಾತ್ರ ಹೊರಗಿಟ್ಟ ಕಾಲವದು. ಅಂಥ ಕಾಲದಲ್ಲೂ ಈ ಮನೆತನದವರು ವೇದಿಕೆ ಬಿಡಲಿಲ್ಲ. ಸನ್ಯಾಸಿಯೊಬ್ಬರು ಬರೆದ ತಾಯಿಯ ಹಾಡನ್ನು ದೇವದಾಸಿ ಮನೆತನದ ತಾಯಿ ಮಗಳು ಹೊತ್ತು ನಡೆಸಿದರು. ಮಠಗಳ ಚರಿತ್ರೆಯಲ್ಲಿ ಈ ಸಾಲವನ್ನು ಯಾರೂ ಬರೆದುಕೊಂಡ ಹಾಗಿಲ್ಲ, ಬರೆದುಕೊಳ್ಳಬೇಕಿತ್ತು.

ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೆ ತಮಿಳುನಾಡು ಸರ್ಕಾರದ ಜೊತೆ ಮುಂಬಯಿಯ ಎನ್‌ಸಿಪಿಎ ಬೆಂಬಲವೂ ಇತ್ತು. ಅದರಲ್ಲಿ ಬಾಲಾ ಸಮುದ್ರದ ದಂಡೆಯಲ್ಲಿ ನಿಂತು ‘ಕೃಷ್ಣಾ ನೀ ಬೇಗನೆ ಬಾರೋ’ ಅಭಿನಯಿಸುತ್ತಾರೆ. ಹಿಂದೆ ಅಲೆ, ಗಾಳಿಗೆ ಸೆರಗು ಹಾರುತ್ತಿದೆ. ಸುಮಾರು ಅರವತ್ತರ ಹೆಂಗಸು ಕಾಣದ ಮಗುವೊಂದನ್ನು ಕೈಬೀಸಿ ಕರೆಯುತ್ತಾಳೆ, ಗದರುತ್ತಾಳೆ, ರಮಿಸುತ್ತಾಳೆ, ಆಸೆ ತೋರಿಸುತ್ತಾಳೆ. ಸಾಹಿತ್ಯ ಮುಂದಕ್ಕೆ ಹೋಗುವ ಅವಸರವೇ ಇಲ್ಲ. ‘ಬಾರೋ’ ಎಂಬ ಎರಡಕ್ಷರದ ಮೇಲೆ ನಿಂತು ಎಷ್ಟು ಬಗೆಯಲ್ಲಿ ಕರೆಯಬಹುದೋ ಅಷ್ಟೂ ಬಗೆಯಲ್ಲಿ ಕರೆಯುತ್ತಾಳೆ. ಈ ದೃಶ್ಯವನ್ನು ನೋಡದವರು ದಯವಿಟ್ಟು ಹುಡುಕಿ ನೋಡಿ, ಈ ಪ್ರಬಂಧವನ್ನು ಆಮೇಲೆ ಮುಂದುವರಿಸಿದರೂ ಆದೀತು.

ಹಾಡು ಮುಂಬಯಿಗೆ ಬಂದದ್ದು ತಮಿಳು ಮನೆಗಳ ಮೂಲಕ. ಮಾಟುಂಗ, ಚೆಂಬೂರುಗಳಲ್ಲಿ ನೆಲೆಸಿದ ತಮಿಳು ಮತ್ತು ಪಾಲಕ್ಕಾಡಿನ ಸಂಸಾರಗಳಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕರ್ನಾಟಕ ಸಂಗೀತದ ಪಾಠ ಕಡ್ಡಾಯದ ಹಾಗೆ. ಆ ಪಾಠಕ್ಕೆ ಕ್ರಮ ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ಹೇಳುತ್ತದೆ. ಮಾಯಾಮಾಳವಗೌಳದ ಸರಳೆ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು. ಕನ್ನಡ ಒಂದಕ್ಷರ ಬಾರದ ಮಕ್ಕಳು ಮೊದಲು ಹಾಡುವ ಪದಗಳು ಕನ್ನಡ ದಾಸರವು. ಹರಿಹರನ್ ಹುಟ್ಟಿದ್ದು 1955ರಲ್ಲಿ, ಇಂಥದ್ದೇ ಮನೆಯಲ್ಲಿ. ತಂದೆ ಎಚ್.ಎ.ಎಸ್. ಮಣಿ, ತಾಯಿ ಅಲಮೇಲು ಮಣಿ ಇಬ್ಬರೂ ಕರ್ನಾಟಕ ಸಂಗೀತದವರು. ಮುಂದೆ ಉಸ್ತಾದ್ ಗುಲಾಮ್ ಮುಸ್ತಫಾ ಖಾನ್ ಅವರಲ್ಲಿ ಹಿಂದೂಸ್ತಾನಿ ಕಲಿತರು, ಉರ್ದು ಪಳಗಿಸಿಕೊಂಡು ಗಜಲ್ ಹಾಡಿದರು, 1978ರ ‘ಗಮನ್’ ಚಿತ್ರದಲ್ಲಿ ಜೈದೇವ್ ಅವರಿಗೆ ದನಿಯಾದರು. ಲೆಸ್ಲಿಯ ತಂದೆ ಪಿ.ಎಲ್. ರಾಜ್ ಹಿಂದಿ ಸಿನಿಮಾದ ನೃತ್ಯ ನಿರ್ದೇಶಕರು. ಒಬ್ಬನ ಮನೆಯಲ್ಲಿ ತಂಬೂರಿ, ಇನ್ನೊಬ್ಬನ ಮನೆಯಲ್ಲಿ ಸ್ಟುಡಿಯೊ ಸುದ್ದಿ. ಇಬ್ಬರೂ ಭೇಟಿಯಾದದ್ದು ಜಾಹೀರಾತಿನ ಜಿಂಗಲ್‌ಗಳ ಲೋಕದಲ್ಲಿ.

ಮಾರುಕಟ್ಟೆಯೂ ಆಗ ಹದವಾಗಿತ್ತು. 1991ರಲ್ಲಿ ಸ್ಟಾರ್ ಟೀವಿ ಬಂದು ಕೇಬಲ್ಲಿನವರು ಕಟ್ಟಡದಿಂದ ಕಟ್ಟಡಕ್ಕೆ ತಂತಿ ಎಳೆದರು. ಸಿನಿಮಾ ಇಲ್ಲದ ಹಾಡಿಗೂ ಮುಖ ಸಿಕ್ಕಿತು. 1995ರಲ್ಲಿ ಇದೇ ಮ್ಯಾಗ್ನಾಸೌಂಡ್ ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ತಂದು ಸಿನಿಮಾ ಕ್ಯಾಸೆಟ್ಟುಗಳಿಗೆ ಸಮನಾಗಿ ಮಾರಿತು. ಅದಕ್ಕೆ ಸಂಗೀತ ಮಾಡಿದ ಬಿದ್ದು ನಮ್ಮವರೇ. ಕೊಡಗಿನ ಅಪ್ಪಯ್ಯ ಮನೆತನದವರು, ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿ ಹಾಡುತ್ತಿದ್ದವರು. ಲಂಡನ್ನಿಗೆ ಹೋಗಿ 1974ರಲ್ಲಿ ‘ಕುಂಗ್ ಫೂ ಫೈಟಿಂಗ್’ ಮಾಡಿದರು, 1981ರಲ್ಲಿ ಪಾಕಿಸ್ತಾನದ ಹುಡುಗಿ ನಾಜಿಯಾ ಹಸನ್ ಅವರಿಂದ ‘ಡಿಸ್ಕೋ ದೀವಾನೆ’ ಹಾಡಿಸಿದರು. ಭಾರತದ ಪಾಪ್ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾತ್ರ ಏನು ಎಂದು ಯಾರಾದರೂ ಕೇಳಿದರೆ ಬಿದ್ದು ಒಬ್ಬರ ಹೆಸರೇ ಸಾಕು. ಆದರೆ ಅವರ ಹಾಡಿನಲ್ಲಿ ಕನ್ನಡ ಇರಲಿಲ್ಲ. ಕನ್ನಡ ಬಂದದ್ದು ಮುಂಬಯಿಯ ತಮಿಳು ಮನೆಯ ಮಗನ ಬಾಯಲ್ಲಿ.

ಈ ಹಾಡು ಬಂದ ಹೊತ್ತನ್ನೂ ಹೇಳಬೇಕು. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿಯಿತು. ಮಾರ್ಚ್ 12ರಂದು ಸರಣಿ ಬಾಂಬುಗಳು ಸಿಡಿದವು. ಊರೊಳಗಿನ ಬಸ್ತಿಗಳಲ್ಲಿ ಭಯಬಿದ್ದ ಮುಸ್ಲಿಂ ಸಂಸಾರಗಳು ಥಾಣೆಯ ಆಚೆಯ ಮುಂಬ್ರಾಕ್ಕೆ ಬಂದು ನೆಲೆಸಿದವು. ಕೆಲವೇ ವರ್ಷಗಳಲ್ಲಿ ಮುಂಬ್ರಾ ದೊಡ್ಡ ಊರಾಯಿತು. ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು ಹೋಗುವ ನಾವು ದಿನಾ ಎರಡು ಸಲ ಆ ಸ್ಟೇಷನ್ ದಾಟುತ್ತೇವೆ. ಡಬ್ಬಿಯೊಳಗೆ ಭಜನಾ ಮಂಡಳಿಯವರ ತಾಳ, ಹೊರಗೆ ಮುಂಬ್ರಾದ ಮಿನಾರುಗಳು. ‘ಕೃಷ್ಣ’ ಹಾಡಿನ ಇಂಗ್ಲಿಷ್ ಭಾಗ ದೇವರನ್ನು ಏಸುವಾಗಿ ಬಾ, ರಾಮನಾಗಿ ಬಾ, ಅಲ್ಲಾ ಆಗಿ ಬಾ, ಯಾರಾಗಿಯಾದರೂ ಮರಳಿ ಬಂದು ಮಾಡಿದ್ದನ್ನು ಕ್ಷಮಿಸು ಎಂದು ಬೇಡುತ್ತದೆ. ಗಲಭೆಯ ಬಗ್ಗೆಯೇ ಅದನ್ನು ಬರೆದರು ಎಂದು ನಾನು ಹೇಳುವುದಿಲ್ಲ. ಈ ಲೈನಿನ ರೈಲಿನಲ್ಲಿ ವಾಕ್‌ಮನ್ ಹಾಕಿಕೊಂಡು ಕೇಳಿದವರಿಗೆ ಬೇರೆ ಅರ್ಥ ಹೊಳೆಯಲು ಸಾಧ್ಯವಿರಲಿಲ್ಲ, ಅಷ್ಟೇ.

ಕಾಕತಾಳೀಯ ಅಂತೀರೋ ಏನಂತೀರೋ, ಗಲಭೆಯ ವಿಚಾರಣೆಗೆ ನೇಮಕವಾಗಿದ್ದ ನ್ಯಾಯಮೂರ್ತಿಗಳ ಹೆಸರೂ ಶ್ರೀಕೃಷ್ಣ. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿ ಹೈಕೋರ್ಟಿನಲ್ಲಿದ್ದ ಬಿ.ಎನ್. ಶ್ರೀಕೃಷ್ಣ. ರಾಜ್ಯ ಸರ್ಕಾರ 1996ರ ಜನವರಿಯಲ್ಲಿ ಅವರ ಆಯೋಗವನ್ನು ರದ್ದು ಮಾಡಿತು, ಮೇ ತಿಂಗಳಲ್ಲಿ ಮತ್ತೆ ಜೀವ ಕೊಟ್ಟಿತು. ವರದಿ ಬಂದದ್ದು 1998ರಲ್ಲಿ. ಆ ವರ್ಷ ಪತ್ರಿಕೆಯಲ್ಲೂ ಟೀವಿಯಲ್ಲೂ ಜನ ಕಾಯುತ್ತಿದ್ದದ್ದು ಕೃಷ್ಣನಿಗಾಗಿಯೇ.

ಈಗ ನನ್ನನ್ನು ಬಹುಕಾಲದಿಂದ ಕಾಡಿದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನ ಪದ್ಯ ದೇವರನ್ನು ‘ಮರಳಿ ಬಾ’ ಎನ್ನುತ್ತದೆ. ಅಂದರೆ ಅವನು ನಮ್ಮನ್ನು ಬಿಟ್ಟು ಹೋಗಿದ್ದಾನೆ, ಲೋಕ ಕೆಟ್ಟಿದೆ, ಬಂದು ಉದ್ಧಾರ ಮಾಡಬೇಕು. ಕನ್ನಡದ ಪಲ್ಲವಿಯಲ್ಲಿ ‘ಮರಳಿ’ ಇಲ್ಲ. ಇರುವುದು ‘ಬೇಗನೆ’. ಇವನು ಎಲ್ಲೂ ಹೋಗಿಲ್ಲ, ಇಲ್ಲೇ ಬೀದಿಯಲ್ಲಿ, ಹಿತ್ತಿಲಲ್ಲಿ ಆಡುತ್ತಿದ್ದಾನೆ. ತಾಯಿಗೆ ಒಂದು ಗಳಿಗೆ ಮುಖ ಕಾಣದಿದ್ದರೆ ತಡೆಯದು. ‘ಬಾ’ ಅಲ್ಲ, ‘ಬನ್ನಿ’ ಅಲ್ಲ, ‘ಬಾರಯ್ಯ’ ಕೂಡ ಅಲ್ಲ, ‘ಬಾರೋ’. ಈ ‘ಓ’ಕಾರ ನಾವು ದೇವರಿಗೆ ಬಳಸುವುದು ಅವನು ನಮ್ಮ ಮನೆಯ ಹುಡುಗನಾದಾಗ ಮಾತ್ರ. ಪಕ್ಕದಲ್ಲಿರುವವನನ್ನು ಇನ್ನೂ ಪಕ್ಕಕ್ಕೆ ಕರೆಯುವ ಸಲಿಗೆ ಅದು. ಪ್ರಳಯದ ಅಂಚಿನ ಮೊರೆಯಲ್ಲ.

ಪಾಪ್ ಹಾಡು ಈ ಎರಡನ್ನೂ ಬೆಸೆಯಿತು. ಸಲಿಗೆ ಮೊರೆಯಾಯಿತು. ಕನ್ನಡ ಬಲ್ಲವರಿಗೆ ಅಲ್ಲಿ ಒಂದು ಹೊಲಿಗೆಯ ಗುರುತು ಕೇಳಿಸುತ್ತದೆ. ಬಾರದವರಿಗೆ ಇಡೀ ಹಾಡು ಒಂದೇ ಬಟ್ಟೆ. ಅದು ಅಷ್ಟು ದೂರ ಓಡಿದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನುಮಾನ. ಅರ್ಥ ತಿಳಿಯದ ಪ್ರಾಚೀನ ಸಾಲಿಗೆ ಮಂತ್ರದ ತೂಕ ಬರುತ್ತದೆ. ‘ಕೃಷ್ಣಾ, ಬೇಗ ಬಾರೋ, ಮುಖ ತೋರಿಸೋ’ ಎಂಬ ಮನೆಮಾತು ಅದು ಎಂದು ತಿಳಿದಿದ್ದರೆ ಹಾಲೆಂಡಿನವನೋ ಹೈದರಾಬಾದಿನವನೋ ಕಣ್ಣು ಮುಚ್ಚಿ ತಲೆದೂಗುತ್ತಿದ್ದನೇ?

ಹಾಗೆಂದು ಅವರು ಹಾಡನ್ನು ಕೆಡಿಸಿದರು ಎನ್ನುವ ಪಂಡಿತರ ಜೊತೆ ನಾನಿಲ್ಲ. ಆಗ ಅಂಥ ಮಾತುಗಳು ಸಾಕಷ್ಟು ಕೇಳಿಬಂದವು. ಹರಿಹರನ್ ರಾಗ ಬಿಟ್ಟು ಹೋಗಿಲ್ಲ, ಗಿಟಾರಿನ ಮೇಲೂ ಯಮುನಾ ಕಲ್ಯಾಣಿ ಗುರುತು ಸಿಗುವ ಹಾಗೆ ನಿಂತಿದೆ. ಚರಣಗಳ ಸಿಂಗಾರವನ್ನು ಬದಿಗಿಟ್ಟು ಪಲ್ಲವಿಯ ಮೇಲೆ ಮತ್ತೆ ಮತ್ತೆ ಬರುವ ಅವರ ಹಾಡಿಕೆ, ಸಮುದ್ರದ ದಂಡೆಯಲ್ಲಿ ಬಾಲಾ ಮಾಡಿದ್ದಕ್ಕೆ ತೀರ ದೂರದ್ದೇನಲ್ಲ. ಹೊರಟುಹೋದದ್ದು ರಾಗವಲ್ಲ, ಉಡುಪಿ. ಹಾಡು ಎಲ್ಲರದ್ದಾಗಲು ಊರಿನ ಹೆಸರು ಬಿಡಬೇಕಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ದಾರಿಯನ್ನು ನೋಡಿ. ಗದಗಿನ ಭೀಮಸೇನ ಜೋಶಿ ‘ದಾಸವಾಣಿ’ ಹಾಡುತ್ತಾ ಮಹಾರಾಷ್ಟ್ರದ ಊರೂರು ಸುತ್ತಿದರು. ಡೊಂಬಿವಲಿಯಂಥ ಅಪ್ಪಟ ಮರಾಠಿ ರಸಿಕರ ಊರಿನಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಗೊತ್ತಿಲ್ಲದ ಮನೆ ಅಪರೂಪ. ಮತ್ತು ಅವರಿಗೆಲ್ಲ ಅದು ‘ಕಾನಡೀ’ ಭಜನೆ ಎಂದು ಗೊತ್ತು. ವಿಠಲನನ್ನೇ ಕಾನಡಾ ಎಂದು ಕರೆದ ಜ್ಞಾನೇಶ್ವರರ ನಾಡಿನವರಿಗೆ ಅದೇನೂ ಹೊಸತಲ್ಲ. ಇಬ್ಬರೂ ಗುರುಶಿಷ್ಯರು, ವ್ಯಾಸರಾಯರು ಮತ್ತು ಪುರಂದರದಾಸರು. ಶಿಷ್ಯನ ಹಾಡು ಭಾಷೆಯ ಗುರುತಿನ ಚೀಟಿ ಹಿಡಿದು ಮುಂಬಯಿ ಹೊಕ್ಕಿತು, ಗುರುವಿನ ಹಾಡು ಚೀಟಿ ಇಲ್ಲದೆ. ಹಾಡುವವನು ತಾನೇ ಕನ್ನಡದವನಾಗಿದ್ದು, ವೇದಿಕೆಯಲ್ಲಿ ಕೂತು ಇದು ನಮ್ಮ ದಾಸರದ್ದು ಎಂದು ಎರಡು ಮಾತು ಹೇಳುವುದಕ್ಕೂ, ಟೀವಿಯ ಮೂಲೆಯ ನಾಲ್ಕು ಸಾಲಿಗೂ ಇರುವ ವ್ಯತ್ಯಾಸ ಇದು.

ನಮ್ಮ ಕಡೆಯ ಕನ್ನಡ ಮಕ್ಕಳಿಗೆ ಇದು ಬರೀ ಚರಿತ್ರೆಯ ಪ್ರಶ್ನೆಯಾಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಫೋರ್ಟು, ಮಾಟುಂಗ, ಅಂಧೇರಿಯ ಬಾಡಿಗೆ ತಾಳದೆ ಕನ್ನಡದವರು ಥಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಬಂದರು. 1992ರಲ್ಲಿ ಖಾಡಿ ದಾಟಿ ವಾಶಿಗೆ ರೈಲು ಬಂದ ಮೇಲೆ ನವಿಮುಂಬಯಿಗೂ ಹೋದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದವರ ಮಂಜುನಾಥ ವಿದ್ಯಾಲಯ ಇದ್ದರೂ ಹೆಚ್ಚಿನವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಹಾಕಿದರು. ಮನೆಯಲ್ಲಿ ತುಳುವೋ ಕೊಂಕಣಿಯೋ ಧಾರವಾಡದ ಕನ್ನಡವೋ, ಬೀದಿಯಲ್ಲಿ ಮರಾಠಿ, ಕ್ಲಾಸಿನಲ್ಲಿ ಹಿಂದಿ. ಕನ್ನಡ ಎಂದರೆ ಅಜ್ಜಿ ಓದುವ ಲಿಪಿ, ಶನಿವಾರದ ಭಜನೆ. ಅಂಥ ಹುಡುಗ ಹುಡುಗಿಯರಿಗೆ ಒಂದು ದಿನ ಕ್ಲಾಸಿನವರೆಲ್ಲ ತಮ್ಮ ಮನೆಯ ಭಜನೆಯ ಸಾಲನ್ನೇ ಗುನುಗುವುದು ಕೇಳಿಸಿತು. ‘ಅದು ನಮ್ಮ ಭಾಷೆ’ ಎಂದರೆ ನಂಬುವವರಿಲ್ಲ. ‘ಹಾಗಾದರೆ ಅರ್ಥ ಹೇಳು’ ಎಂದಾಗ, ಹೇಳಿದರೆ ಇಷ್ಟೇನಾ ಎಂದು ನಗುತ್ತಿದ್ದರು. ನನ್ನ ತಂಗಿ ಸಿಟ್ಟಿನಿಂದ ಮನೆಗೆ ಬಂದು ಉಳಿದ ಚರಣಗಳನ್ನು ಅಮ್ಮನ ಹತ್ತಿರ ಬರೆಸಿಕೊಂಡಳು, ದೇವನಾಗರಿ ಅಕ್ಷರದಲ್ಲಿ.

ಎರಡು ವರ್ಷದ ಮೇಲೆ, 1998ರಲ್ಲಿ, ಇದೇ ಬಗೆಯ ಮನೆಯಿಂದ ಬಂದ ಇನ್ನೊಬ್ಬರ ಆಲ್ಬಂ ಬಂತು. ನೆರೂಳಿನ ರಾಮರಾವ್ ಆದಿಕ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಸಾಫ್ಟ್‌ವೇರ್ ಕೆಲಸ ಮಾಡಿ ಬಿಟ್ಟಿದ್ದ ಶಂಕರ್ ಮಹಾದೇವನ್ ಅವರ ‘ಬ್ರೆತ್‌ಲೆಸ್’. ಬರೆದವರು ಜಾವೇದ್ ಅಖ್ತರ್. ಉಸಿರು ತೆಗೆದುಕೊಳ್ಳದೆ ಹಾಡಿದ ಹಾಗೆ ಕೇಳುವ ಆ ಹಾಡನ್ನು ನವಿಮುಂಬಯಿಯ ಹುಡುಗರು ಬಸ್ಸಿನಲ್ಲಿ ಪಂದ್ಯ ಕಟ್ಟಿ ಹಾಡಿ ನೋಡುತ್ತಿದ್ದರು. ಅದರ ಬೆನ್ನಿಗಿದ್ದದ್ದೂ ಸರಳೆ, ಜಂಟಿವರಸೆಯ ಅದೇ ಪಾಠ. ಕನ್ನಡದ ಸಾಲು ಮಾತ್ರ ಅದರಲ್ಲಿರಲಿಲ್ಲ.

ಅಷ್ಟರಲ್ಲಿ ಆ ಸುಗ್ಗಿಯೇ ಮುಗಿಯುತ್ತಾ ಬಂತು. ಕಲೋನಿಯಲ್ ಕಸಿನ್ಸ್ ಇನ್ನೂ ಆಲ್ಬಂ ಮಾಡಿದರು, ಮೊದಲಿನ ಮೋಡಿ ಮರುಕಳಿಸಲಿಲ್ಲ. ಎಂಪಿ3 ಸೀಡಿಗಳು ಸ್ಟೇಷನ್ ಸೇತುವೆಯ ಮೇಲೆ ನೂರಿನ್ನೂರು ಹಾಡು ಹೊತ್ತು ಮಾರಾಟಕ್ಕೆ ಬಂದವು, ಚಾನೆಲ್‌ಗಳು ಸಿನಿಮಾ ಹಾಡಿಗೆ ಮರಳಿದವು, ಮ್ಯಾಗ್ನಾಸೌಂಡ್ ಅಂಗಡಿ ಮುಚ್ಚಿತು.

‘ಕೃಷ್ಣ’ ಉಳಿದುಕೊಂಡಿತು, ಅದೂ ಒಂದು ವಿಚಿತ್ರ ರೀತಿಯಲ್ಲಿ. ನಮ್ಮ ಕಡೆಯ ನವರಾತ್ರಿಯ ಭಜನೆಗಳಲ್ಲಿ ಈಗ ಹೆಂಗಸರು ವ್ಯಾಸರಾಯರ ಪದವನ್ನು ಅಂದುಗೆಯಿಂದ ಉಡುಪಿಯ ತನಕ ಎಲ್ಲ ಚರಣ ಸೇರಿಸಿ ಹಾಡುತ್ತಾರೆ. ಪಲ್ಲವಿಗೆ ಮರಳುವಾಗ ಮಾತ್ರ, ಮೂವತ್ತು ನಲವತ್ತರ ವಯಸ್ಸಿನವರು, ಹರಿಹರನ್ ಎಳೆದ ಹಾಗೆಯೇ ‘ಬಾರೋ’ ಎಳೆಯುತ್ತಾರೆ. ಹಿರಿಯರು ಒಂದು ಕ್ಷಣ ತಾಳ ನಿಲ್ಲಿಸಿ ಕಾಯುತ್ತಾರೆ, ಎಳೆತ ಮುಗಿದ ಮೇಲೆ ಮುಂದಕ್ಕೆ ಹೋಗುತ್ತಾರೆ.